ಸೊನ್ನೆಗೆ ಹೆದರಿ, ಚಳಿಗಲ್ಲ: ಮಂಜುಗಡ್ಡೆಯ ದಾರಿಯಲ್ಲಿ ಸೈಕಲ್ ತುಳಿಯುವವರಿಗೆ

ಮಲೆನಾಡಿನ ನಮ್ಮ ಮನೆಯಂಗಳ ಶ್ರಾವಣ ಬರುವಷ್ಟರಲ್ಲಿ ಪಾಚಿ ಹಿಡಿದು ಹಸಿರು ಗಾಜಿನಂತಾಗುತ್ತಿತ್ತು. ಕೊಟ್ಟಿಗೆಗೆ ಹೋಗುವ ದಾರಿಗೆ ಅಡಿಕೆ ದಬ್ಬೆ ಹಾಸುತ್ತಿದ್ದರು. ದಬ್ಬೆ ಇಲ್ಲದ ಕಡೆಗೆ ಕಾಲಿಟ್ಟರೆ ಅಜ್ಜಿ ಜಗಲಿಯಿಂದಲೇ ಕೂಗುತ್ತಿದ್ದರು: "ಹೆಬ್ಬೆರಳು ಊರಿ ನಡೆ, ಓಡಬೇಡ, ನಡೆಯುತ್ತಾ ತಿರುಗಿ ನೋಡಬೇಡ." ಫಿನ್ಲೆಂಡಿನ ಔಲು ನಗರಕ್ಕೆ ಬಂದು ಮೊದಲ ಚಳಿಗಾಲದಲ್ಲಿ ಸೈಕಲ್ ಸಮೇತ ಮೂರು ಸಲ ಮಗುಚಿಕೊಂಡ ಮೇಲೆ ನನಗೆ ನೆನಪಾದದ್ದು ಆ ಮಾತು. ಹೆಬ್ಬೆರಳು ಎಂದರೆ ಇಲ್ಲಿ ಮೊಳೆ ಟೈರು, ಅಂದರೆ ಲೋಹದ ಮೊಳೆಗಳನ್ನು ಕೂರಿಸಿದ ಟೈರು. ತಿರುಗಿ ನೋಡಬೇಡ ಎಂದರೆ, ಜಾರುವ ನೆಲದ ಮೇಲೆ ಒಮ್ಮೆಗೆ ಎರಡು ಕೆಲಸ ಮಾಡಬೇಡ. ಉಳಿದದ್ದೆಲ್ಲ ಇವೆರಡರ ವಿಸ್ತರಣೆ.

ಔಲು ಇರುವುದು 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತದಿಂದ ಇನ್ನೂರು ಕಿಲೋಮೀಟರಿಗೂ ಕಡಿಮೆ ದೂರ. ಬಾತ್ನಿಯಾ ಕೊಲ್ಲಿಯ ದಂಡೆಯ ಸಮತಟ್ಟು ಊರು. ನವೆಂಬರಿನಲ್ಲಿ ಕೂತ ಹಿಮ ಏಪ್ರಿಲಿನವರೆಗೂ ಏಳುವುದಿಲ್ಲ. ಆದರೂ ಇಲ್ಲಿನ ಶಾಲೆಗಳ ಮುಂದೆ ಜನವರಿಯಲ್ಲೂ ಸಾಲು ಸಾಲು ಸೈಕಲ್ಲುಗಳು ಹಿಮದ ಟೋಪಿ ಹಾಕಿಕೊಂಡು ನಿಂತಿರುತ್ತವೆ. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನದ ಮೊದಲ ಕೂಟ 2013ರಲ್ಲಿ ನಡೆದದ್ದೂ ಈ ಊರಿನಲ್ಲಿಯೇ. ಹತ್ತು ವರ್ಷದ ಹುಡುಗಿ ಬೆನ್ನಿಗೆ ಚೀಲ ಹಾಕಿಕೊಂಡು ಮೈನಸ್ ಹದಿನೈದರಲ್ಲಿ ನನ್ನನ್ನು ಹಿಂದೆ ಹಾಕಿ ಹೋದ ದಿನವೇ, ಇದು ಧೈರ್ಯದ ವಿಷಯವಲ್ಲ, ಕಲಿಕೆಯ ವಿಷಯ ಎಂದು ನನಗೆ ತಿಳಿದದ್ದು. ಕೆಲಸಕ್ಕೆ ಹೋಗಿಬರಲು ನನಗೆ ಒಂದು ಬದಿಗೆ ಏಳು ಕಿಲೋಮೀಟರು. ಸ್ವೀಡನ್, ಕೆನಡಾ, ಮಿನ್ನೆಸೋಟದಂಥ ಕಡೆ ನೆಲೆಸಿರುವ ಕನ್ನಡಿಗರಿಗೂ ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಹೊಂದುತ್ತದೆ.

ಮೊದಲು ದಾರಿ

ಹಿಮ ಬೀಳುವ ಮುನ್ನ, ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿಯೇ ದಾರಿಯನ್ನು ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಹತ್ತಿರವಾದ ದಾರಿ ಚಳಿಗಾಲದಲ್ಲಿ ಒಳ್ಳೆಯ ದಾರಿಯಾಗಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಹಿಮ ಬಿದ್ದ ರಾತ್ರಿಯ ಮರುದಿನ ಇಲ್ಲಿಗೆ ಹಿಮ ತೆಗೆಯುವ ವಾಹನ ಎಷ್ಟು ಹೊತ್ತಿಗೆ ಬರುತ್ತದೆ?

ಔಲುವಿನಲ್ಲಿ 900 ಕಿಲೋಮೀಟರಿಗೂ ಹೆಚ್ಚು ಸೈಕಲ್ ಹಾದಿಯಿದೆ. ದೊಡ್ಡ ರಸ್ತೆಗಳ ಅಡಿಯಿಂದ ಹಾಯುವ ಕೆಳಸೇತುವೆಗಳೇ 300ಕ್ಕೂ ಹೆಚ್ಚು. ಮುಖ್ಯ ಹಾದಿಗಳನ್ನು ಜನ ಕೆಲಸಕ್ಕೆ ಹೊರಡುವ ಮುನ್ನವೇ ಸ್ವಚ್ಛ ಮಾಡುತ್ತಾರೆ, ಒಳಹಾದಿಗಳ ಸರದಿ ಆಮೇಲೆ. ನಾನು ಒಂದೂವರೆ ಕಿಲೋಮೀಟರು ಸುತ್ತು ಹಾಕಿ ಮುಖ್ಯ ಹಾದಿಯನ್ನು ಹಿಡಿಯುತ್ತೇನೆ. ಕಣಕಾಲು ಹೂತುಹೋಗುವ ಹಿಮದಲ್ಲಿ ಸೈಕಲ್ ತಳ್ಳುವುದಕ್ಕಿಂತ ಅದು ಎಷ್ಟೋ ಬೇಗ.

ಇಲ್ಲಿ ಹಿಮವನ್ನು ಡಾಂಬರು ಕಾಣುವವರೆಗೆ ಕೆರೆಯುವುದಿಲ್ಲ. ಕೆಳಗಿನ ಪದರವನ್ನು ಒತ್ತಿ ಗಟ್ಟಿಮಾಡಿ, ಮೇಲ್ಮೈಗೆ ಗೀರು ಹಾಕಿ, ಸಣ್ಣ ಜಲ್ಲಿಯ ಚೂರು ಎರಚಿ ಬಿಡುತ್ತಾರೆ. ಹೀಗೆ ಒತ್ತಿ ಕೂರಿಸಿದ ಹಿಮಕ್ಕೆ ಫಿನ್ನರು ಪೊಲನ್ನೆ ಎನ್ನುತ್ತಾರೆ. ಒಣ ಚಳಿಯಲ್ಲಿ ಇದು ಗಾರೆ ನೆಲದಷ್ಟು ಗಟ್ಟಿ, ಸವಾರಿಗೆ ಬಹಳ ಸೊಗಸು. ಉಪ್ಪು ಹಾಕಿದ ರಸ್ತೆಯೇ ಒಳ್ಳೆಯದೆಂದು ಹೊಸಬರು ಎಣಿಸುತ್ತಾರೆ. ಆದರೆ ಚಳಿ ಮೈನಸ್ ಹತ್ತರ ಕೆಳಗಿಳಿದರೆ ಸಾಮಾನ್ಯ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಅದಕ್ಕಿಂತ ಬೆಚ್ಚಗಿದ್ದಾಗ ಅದು ಹಿಮವನ್ನು ಕಂದು ರೊಜ್ಜು ಮಾಡಿ ಚೈನನ್ನು ತಿನ್ನುತ್ತದೆ. ಅಮೆರಿಕ, ಕೆನಡಾದ ಎಷ್ಟೋ ಊರುಗಳಲ್ಲಿ ರಸ್ತೆಯ ಹಿಮವನ್ನು ಸೈಕಲ್ ಪಟ್ಟಿಯ ಮೇಲೆಯೇ ಗುಡ್ಡೆ ಹಾಕುವುದುಂಟು. ಅಂಥ ಕಡೆ ಸೈಕಲ್ ಪಟ್ಟಿಯ ಹಟ ಬಿಟ್ಟು, ವಾಹನ ಕಡಿಮೆಯಿರುವ ಬಡಾವಣೆಯ ಬೀದಿಯನ್ನು ಹಿಡಿಯುವುದು ಮೇಲು.

ಟೈರಿಗೆ ಖರ್ಚು ಮಾಡಿ, ಜಾಕೆಟ್ಟಿಗಲ್ಲ

ಮೊದಲ ವರ್ಷ ನಾನು ಮಾಡಿದ ತಪ್ಪು ಇದೇ. ಭಾರೀ ಬೆಲೆಯ ಜಾಕೆಟ್ ಕೊಂಡು, ಬೇಸಿಗೆಯ ಟೈರಿನಲ್ಲೇ ಹೊರಟೆ. ಬೆಚ್ಚಗೆ ಬಿದ್ದೆ.

ಮಂಜುಗಡ್ಡೆಯ ಮೇಲೆ ರಬ್ಬರ್ ಎಷ್ಟೇ ದಪ್ಪವಾಗಿರಲಿ, ಅದರ ಮೇಲಿನ ಗೀರು ಎಷ್ಟೇ ಆಳವಾಗಿರಲಿ, ಹಿಡಿತ ಸಿಗುವುದಿಲ್ಲ. ಅಗಲ ಟೈರು, ಗುಬುಟು ಟೈರು ಸಡಿಲ ಹಿಮಕ್ಕೆ ಸರಿ, ಗಡ್ಡೆಗೆ ಅಲ್ಲ. ಗಡ್ಡೆಯನ್ನು ಕಚ್ಚಿ ಹಿಡಿಯುವುದು ಲೋಹದ ಮೊಳೆ ಮಾತ್ರ. ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡಿನದಾಗಿರಬೇಕು. ಬರೀ ಉಕ್ಕಿನ ಮೊಳೆಯ ಅಗ್ಗದ ಟೈರು ಡಾಂಬರಿನ ಮೇಲೆ ಒಂದೇ ಚಳಿಗಾಲದಲ್ಲಿ ಸವೆದು ಬೋಳಾಗುತ್ತದೆ. ಕಾರ್ಬೈಡಿನದು ಹಲವು ವರ್ಷ ಬಾಳುತ್ತದೆ.

ಅಂಗಡಿಯಲ್ಲಿ ನೂರರ ಆಸುಪಾಸಿನ ಮೊಳೆಗಳಿರುವ ಟೈರೂ ಸಿಗುತ್ತದೆ, ಇನ್ನೂರು ದಾಟಿದವೂ ಸಿಗುತ್ತವೆ. ಎಣಿಕೆಗಿಂತ ಮೊಳೆಗಳು ಎಲ್ಲಿವೆ ಎಂಬುದನ್ನು ಮೊದಲು ನೋಡಿ. ನಡುವೆ ಎರಡು ಸಾಲು ಮಾತ್ರ ಇದ್ದರೆ ನೇರ ದಾರಿಯಲ್ಲಿ ಭದ್ರ. ಸೈಕಲ್ ವಾಲಿದಾಗ, ಹೆಪ್ಪುಗಟ್ಟಿದ ಚಕ್ರದ ಗುರುತಿನೊಳಗೆ ಟೈರು ಸಿಕ್ಕಿಕೊಂಡಾಗ ಕಾಯುವುದು ಅಂಚಿನ ಮೊಳೆಗಳು. ಊರೊಳಗೆ ಸ್ವಚ್ಛವಾದ ಹಾದಿಯಲ್ಲಿ ಓಡಾಡುವವರಿಗೆ ನೂರು ಸಾಕು. ಕರಗುವುದು ಹೆಪ್ಪುಗಟ್ಟುವುದು ದಿನವೂ ನಡೆಯುವ ಕಡೆ ಇರುವವರು ಅಂಚಿನಲ್ಲೂ ಮೊಳೆಯಿರುವುದನ್ನೇ ಕೊಳ್ಳಿ.

ಎರಡು ಟೈರಿಗೆ ಹಣವಿಲ್ಲದಿದ್ದರೆ ಒಂದನ್ನು ಕೊಂಡು ಮುಂದಿನ ಚಕ್ರಕ್ಕೆ ಹಾಕಿ. ಇದರಲ್ಲಿ ಎರಡನೆಯ ಯೋಚನೆ ಬೇಡ. ಹಿಂದಿನ ಚಕ್ರ ಜಾರಿದರೆ ಬಾಲ ಬೀಸಿದಂತಾಗುತ್ತದೆ, ಕಾಲೂರಿ ಸುಧಾರಿಸಿಕೊಳ್ಳಬಹುದು. ಮುಂದಿನ ಚಕ್ರ ಜಾರಿದರೆ ನಿಮಗೆ ಗೊತ್ತಾಗುವ ಹೊತ್ತಿಗೆ ನೀವು ನೆಲದ ಮೇಲಿರುತ್ತೀರಿ.

ಹೊಸ ಮೊಳೆ ಟೈರನ್ನು ಹಾಕಿದ ಮೇಲೆ ಮೊದಲ ನಲವತ್ತು ಐವತ್ತು ಕಿಲೋಮೀಟರು ಬರೀ ಡಾಂಬರಿನ ಮೇಲೆ, ಗಕ್ಕನೆ ಬ್ರೇಕ್ ಹಾಕದೆ, ರಭಸವಾಗಿ ತಿರುಗಿಸದೆ ಓಡಿಸಿ. ಮೊಳೆಗಳು ರಬ್ಬರಿನಲ್ಲಿ ಕಚ್ಚಿ ಕೂರಲು ಅಷ್ಟು ಬೇಕು. ಆದ್ದರಿಂದ ಹಿಮ ಬಿದ್ದ ದಿನವೇ ಅಂಗಡಿಗೆ ಓಡುವುದು ತಡವಾದ ಕೆಲಸ. ಅಂದು ಅಂಗಡಿಯಲ್ಲಿ ಸಾಲು ಇರುತ್ತದೆ, ನಿಮ್ಮ ಅಳತೆಯ ಟೈರು ಇರುವುದಿಲ್ಲ.

ಗಾಳಿಯ ವಿಷಯದಲ್ಲಿ ಎಡವುವವರು ಬಹಳ. ಟೈರಿನ ಬದಿಯಲ್ಲಿ ಕನಿಷ್ಠ, ಗರಿಷ್ಠ ಒತ್ತಡ ಅಚ್ಚಾಗಿರುತ್ತದೆ; ಗಡ್ಡೆಯ ದಿನ ಕನಿಷ್ಠದ ಹತ್ತಿರಕ್ಕೆ ಇಳಿಸಿ. ಟೈರು ಚಪ್ಪಟೆಯಾಗಿ ಕೂತಷ್ಟೂ ಹೆಚ್ಚು ಮೊಳೆ ನೆಲ ಮುಟ್ಟುತ್ತವೆ. ಆದರೆ ಚಳಿಯೇ ಸ್ವಲ್ಪ ಗಾಳಿಯನ್ನು ಇಳಿಸುತ್ತದೆ ಎನ್ನುವುದು ಲೆಕ್ಕದಲ್ಲಿರಲಿ. ಮನೆಯೊಳಗೆ 20 ಡಿಗ್ರಿಯಲ್ಲಿ 4 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿಸಿದರೆ, ಹೊರಗೆ ಮೈನಸ್ 20ರಲ್ಲಿ ಅದು ಸುಮಾರು 3.3ಕ್ಕೆ ಕುಗ್ಗುತ್ತದೆ. ಪಂಕ್ಚರ್ ಆಗಿದೆಯೆಂದು ಬೈದುಕೊಂಡು ಟ್ಯೂಬನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕಿದವರಲ್ಲಿ ನಾನೂ ಒಬ್ಬ.

ಬ್ರೇಕು, ಚೈನು, ಬೀಗ

ಹಿಮದ ನೀರು ರಿಮ್ಮಿನ ಮೇಲೆ ಹೆಪ್ಪುಗಟ್ಟಿದರೆ ರಬ್ಬರ್ ಗಟ್ಟಿಯ ಬ್ರೇಕು ಮೊದಲ ಒಂದೆರಡು ಸುತ್ತು ಏನೂ ಮಾಡುವುದಿಲ್ಲ. ಹಾಗಾಗಿ ಹೊರಟ ತಕ್ಷಣ, ಇಳಿಜಾರಿಗೆ ಮುನ್ನ, ಬ್ರೇಕನ್ನು ಹಗುರವಾಗಿ ಒತ್ತಿ ಒರೆಸಿಕೊಳ್ಳಿ. ಡಿಸ್ಕ್ ಬ್ರೇಕಿಗೆ ಈ ಕಾಟ ಕಡಿಮೆ. ನನ್ನ ಮಟ್ಟಿಗೆ ಚಳಿಗಾಲಕ್ಕೆ ಎಲ್ಲಕ್ಕಿಂತ ನಂಬಿಕಸ್ಥ ಬ್ರೇಕೆಂದರೆ ಇಲ್ಲಿನ ಅಜ್ಜಂದಿರ ಸೈಕಲ್ಲಿನಲ್ಲಿರುವುದು: ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಅದರ ಅಂಗಾಂಗವೆಲ್ಲ ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೆ ಮುಚ್ಚಿಕೊಂಡಿರುತ್ತದೆ. ಹಿಮ, ರೊಜ್ಜು, ಉಪ್ಪು ಯಾವುದೂ ಒಳಹೋಗುವುದಿಲ್ಲ. ದಪ್ಪ ಕೈಗವಸು ಹಾಕಿದವನಿಗೆ ಬೆರಳಿನ ಕೆಲಸವೂ ತಪ್ಪಿತು.

ಚೈನಿಗೆ ವಾರಕ್ಕೊಮ್ಮೆಯಾದರೂ ತೇವಕ್ಕೆ ನಿಲ್ಲುವ ಎಣ್ಣೆ ಬಿಡಿ, ಹೆಚ್ಚಾದದ್ದನ್ನು ಒರೆಸಿ. ಬೇಸಿಗೆಯಲ್ಲಿ ಜಂಬದಿಂದ ಹೊಳೆಯುವ ಸೈಕಲ್ಲನ್ನು ಚಳಿಗಾಲಕ್ಕೆ ಇಳಿಸಬೇಡಿ. ಹಳೆಯದೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಗೇರು ಕಡಿಮೆಯಿದ್ದಷ್ಟೂ ತಲೆನೋವು ಕಡಿಮೆ. ಮಡ್‌ಗಾರ್ಡ್ ಅಗಲವಾಗಿರಲಿ, ಟೈರಿಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು ಜಾಗವಿರಲಿ, ಇಲ್ಲವಾದರೆ ಹಿಮ ತುಂಬಿಕೊಂಡು ಚಕ್ರವೇ ನಿಲ್ಲುತ್ತದೆ.

ಮೈನಸ್ ಹದಿನೈದು ಇಪ್ಪತ್ತರ ಕೆಳಗೆ ಬರುವ ವಿಚಿತ್ರ ತೊಂದರೆಯೊಂದಿದೆ. ಪೆಡಲ್ ತುಳಿಯುತ್ತೀರಿ, ಅದು ಸುಮ್ಮನೆ ತಿರುಗುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ. ಫ್ರೀವೀಲಿನೊಳಗೆ ಹಲ್ಲನ್ನು ಹಿಡಿಯುವ ಪುಟ್ಟ ನಾಲಿಗೆಗಳು ಗಟ್ಟಿಯಾದ ಗ್ರೀಸಿನಲ್ಲೋ ಹೆಪ್ಪುಗಟ್ಟಿದ ನೀರಿನಲ್ಲೋ ಅಂಟಿಕೊಂಡಿರುತ್ತವೆ. ಚಳಿಗಾಲಕ್ಕೆ ಮುಂಚೆ ಸೈಕಲ್ ಅಂಗಡಿಯಲ್ಲಿ ಹೇಳಿ ಗ್ರೀಸ್ ತೆಗೆಸಿ ತೆಳು ಎಣ್ಣೆ ಹಾಕಿಸಿಕೊಳ್ಳುವುದು ಪರಿಹಾರ. ಇನ್ನೂ ಮುಖ್ಯವಾದದ್ದು, ಸೈಕಲ್ಲನ್ನು ಬೆಚ್ಚಗಿನ ಮನೆಯೊಳಕ್ಕೂ ಹೊರಕ್ಕೂ ದಿನವೂ ಎಳೆದಾಡಬೇಡಿ. ಒಳಗೆ ಹಿಮ ಕರಗಿ ನೀರು ಸಂದುಗಳಿಗೆ ಇಳಿಯುತ್ತದೆ, ಹೊರಗೆ ಬಂದ ಐದು ನಿಮಿಷದಲ್ಲಿ ಗಡ್ಡೆಯಾಗುತ್ತದೆ. ಚಳಿಯಲ್ಲೇ, ಮಾಡಿನ ಕೆಳಗೆ ನಿಂತ ಸೈಕಲ್ಲು ಮುದ್ದಿಸಿದ ಸೈಕಲ್ಲಿಗಿಂತ ಚೆನ್ನಾಗಿರುತ್ತದೆ.

ಬೀಗ ಹೆಪ್ಪುಗಟ್ಟಿದರೆ ಬಿಸಿನೀರು ಸುರಿಯಬೇಡಿ. ಆ ಕ್ಷಣಕ್ಕೆ ತೆರೆಯುತ್ತದೆ, ಸಂಜೆ ಇಡೀ ಬೀಗ ಮಂಜಿನ ಉಂಡೆಯಾಗಿರುತ್ತದೆ. ಬೀಗಕ್ಕೆ ಬಿಡುವ ಎಣ್ಣೆಯ ಪುಟ್ಟ ಸೀಸೆ ಜೇಬಿನಲ್ಲಿರಲಿ. ಸೈಕಲ್ಲಿನ ಮೇಲಿರುವ ಚೀಲದಲ್ಲಿ ಇಟ್ಟರೆ ಆ ಚೀಲದ ಜಿಪ್ಪೇ ಹೆಪ್ಪುಗಟ್ಟಿರುತ್ತದೆ. ವಿದ್ಯುತ್ ಸೈಕಲ್ಲಿನವರು ಬ್ಯಾಟರಿಯನ್ನು ಮಾತ್ರ ಬಿಚ್ಚಿ ಒಳಗೆ ತನ್ನಿ. ಚಳಿಗೆ ಅದರ ಓಟ ಕುಗ್ಗುವುದು ಸಹಜ. ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಿದರೆ ಮಾತ್ರ ಲಿಥಿಯಂ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಕೋಣೆಯಲ್ಲಿ ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕಿ.

ಬಟ್ಟೆ

ಬಾಗಿಲಾಚೆ ನಿಂತಾಗ ಸ್ವಲ್ಪ ಚಳಿಯೆನಿಸಬೇಕು. ಅಲ್ಲೇ ಹಿತವಾಗಿದ್ದರೆ ಹತ್ತು ನಿಮಿಷದಲ್ಲಿ ಬೆವರುತ್ತೀರಿ. ಬೆವರು ಮುಂದಿನ ಹತ್ತು ನಿಮಿಷದಲ್ಲಿ ತಣ್ಣಗಾಗಿ ಬೆನ್ನಿಗೆ ಅಂಟುತ್ತದೆ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು, ಹತ್ತಿ ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಅದರ ಮೇಲೊಂದು ಪದರ, ಹೊರಗೆ ಗಾಳಿ ತಡೆಯುವ ತೆಳು ಅಂಗಿ. ಹೊಟ್ಟೆ, ಬೆನ್ನಿಗೆ ಇಷ್ಟು ಸಾಕು, ತುಳಿಯುವ ಮೈ ತಾನೇ ಒಲೆಯಾಗುತ್ತದೆ.

ನೋವು ಕೊಡುವುದು ತುದಿಗಳು: ಬೆರಳು, ಕಿವಿ, ಮೂಗು, ಕಾಲ್ಬೆರಳು. ಗಾಳಿಯಿಲ್ಲದ ದಿನವೂ ಸವಾರನಿಗೆ ತನ್ನದೇ ಗಾಳಿಯಿರುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋದರೆ ಮೈನಸ್ 10 ಎನ್ನುವುದು ಮುಖಕ್ಕೆ ಮೈನಸ್ 17ರಂತೆ, ಮೈನಸ್ 20 ಎನ್ನುವುದು ಮೈನಸ್ 29ರಂತೆ ನಾಟುತ್ತದೆ. ಐದು ಬೆರಳಿನ ಗವಸಿಗಿಂತ ಬೆರಳುಗಳು ಒಟ್ಟಿಗಿರುವ ಗವಸು ಬೆಚ್ಚಗೆ. ಅದಕ್ಕೂ ಮಿಗಿಲಾದದ್ದು ಹ್ಯಾಂಡಲ್ಲಿಗೇ ತೊಡಿಸುವ ದೊಡ್ಡ ಚೀಲದಂಥ ಗವಸು. ಒಳಗೆ ತೆಳು ಕೈಗವಸು ಹಾಕಿಕೊಂಡು ಬ್ರೇಕು, ಗಂಟೆ ಎರಡನ್ನೂ ಸಲೀಸಾಗಿ ಹಿಡಿಯಬಹುದು. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡುವುದಿಲ್ಲ, ಒಂದೇ ಜೊತೆಗಿಂತ ಹೆಚ್ಚು ಚಳಿಯಾಗುತ್ತದೆ.

ಊರಿನಿಂದ ಅಮ್ಮ ಪ್ರೀತಿಯಿಂದ ಕಳಿಸಿದ ಮಂಕಿ ಕ್ಯಾಪನ್ನು ಹೆಲ್ಮೆಟ್ಟಿನ ಕೆಳಗೆ ಹಾಕಬೇಡಿ. ದಪ್ಪ ಟೋಪಿಯ ಮೇಲೆ ಹೆಲ್ಮೆಟ್ ಎತ್ತರದಲ್ಲಿ ಕೂತು ಅಲುಗಾಡುತ್ತದೆ. ಕಿವಿ ಮುಚ್ಚುವ ತೆಳು ಉಣ್ಣೆ ಟೋಪಿ ಸಾಕು. ಮಂಕಿ ಕ್ಯಾಪನ್ನು ಬಸ್ಸಿಗಾಗಿ ಕಾಯುವ ದಿನಕ್ಕೆ ಇಡಿ, ಅಮ್ಮನಿಗೆ ಫೋಟೋ ಕಳಿಸಲೂ ಆಯಿತು.

ಕೆನ್ನೆಯಲ್ಲೋ ಮೂಗಿನ ತುದಿಯಲ್ಲೋ ಬಿಳಿಚಿಕೊಂಡ, ಮುಟ್ಟಿದರೆ ತಿಳಿಯದ ಚುಕ್ಕೆ ಕಂಡರೆ ಅದು ಶೀತ ಕಚ್ಚಿದ ಮೊದಲ ಗುರುತು. ನಿಲ್ಲಿ, ಬರಿಗೈಯ ಬೆಚ್ಚನೆಯ ಅಂಗೈಯನ್ನು ಅದರ ಮೇಲಿಡಿ. ಉಜ್ಜಬಾರದು, ಹಿಮದಿಂದಂತೂ ಉಜ್ಜಲೇಬಾರದು. ಬಣ್ಣ, ಸ್ಪರ್ಶ ಮರಳದಿದ್ದರೆ ಅಲ್ಲಿಂದ ನೇರವಾಗಿ ಬೆಚ್ಚನೆಯ ಜಾಗಕ್ಕೆ, ಬೇಕಾದರೆ ವೈದ್ಯರ ಬಳಿಗೆ.

ಬೆಳಕು

ಡಿಸೆಂಬರಿನ ಕೊನೆಗೆ ಔಲುವಿನಲ್ಲಿ ಸೂರ್ಯ ಹತ್ತೂವರೆಯ ಹೊತ್ತಿಗೆ ಎದ್ದು ಮಧ್ಯಾಹ್ನ ಎರಡು ಗಂಟೆಗೆಲ್ಲ ಮಲಗುತ್ತಾನೆ. ಹೋಗುವುದೂ ಕತ್ತಲಲ್ಲಿ, ಬರುವುದೂ ಕತ್ತಲಲ್ಲಿ. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇಲ್ಲಿ ಕಾನೂನಿನ ಕಡ್ಡಾಯ. ಮುಂದಿನ ದೀಪವನ್ನು ನೆಲದ ಕಡೆಗೆ ಸ್ವಲ್ಪ ಬಗ್ಗಿಸಿ: ಎದುರು ಬರುವವರ ಕಣ್ಣು ಕೋರೈಸದು, ಗಡ್ಡೆಯ ಹೊಳಪು ನಿಮಗೆ ಕಾಣುತ್ತದೆ. ಬ್ಯಾಟರಿ ದೀಪವಾದರೆ ಸೈಕಲ್ಲಿನಲ್ಲಿ ಬಿಡದೆ ಜೇಬಿಗೆ ಹಾಕಿಕೊಳ್ಳಿ. ಮಿನುಗುಪಟ್ಟಿ ಕಣಕಾಲಿಗೆ ಕಟ್ಟಿದರೆ ಎದೆಗೆ ಕಟ್ಟಿದ್ದಕ್ಕಿಂತ ಬೇಗ ಗಮನ ಸೆಳೆಯುತ್ತದೆ, ಏಕೆಂದರೆ ಅದು ಮೇಲೆ ಕೆಳಗೆ ಕುಣಿಯುತ್ತದೆ.

ಹೊರಡುವ ಮುನ್ನ ಕಿಟಕಿಯ ಬಳಿ ಐದು ನಿಮಿಷ

ಇಲ್ಲಿ ತಾಪಮಾಪಕ ಕಿಟಕಿಯ ಹೊರಗೆ ತೂಗುತ್ತಿರುತ್ತದೆ. ಹೊಸಬರು ಅದನ್ನು ನೋಡಿ ಮೈನಸ್ ಹದಿನೆಂಟು ಎಂದರೆ ಹೆದರುತ್ತಾರೆ, ಮೈನಸ್ ಒಂದು ಎಂದರೆ ಖುಷಿಪಡುತ್ತಾರೆ. ಸವಾರನ ಮಟ್ಟಿಗೆ ಇದು ತಿರುಗುಮುರುಗು. ಒಂದು ವಾರದಿಂದ ಮೈನಸ್ ಹದಿನೈದರಲ್ಲೇ ನಿಂತಿದ್ದರೆ ಹಿಮ ಒಣಗಿ, ಚಕ್ರದಡಿ ಕಿರುಗುಡುತ್ತದೆ. ಅಂಥ ಹಿಮದ ಮೇಲೆ ಹಿಡಿತ ಚೆನ್ನಾಗಿರುತ್ತದೆ. ಗಡ್ಡೆ ಅತಿ ಹೆಚ್ಚು ಜಾರುವುದು ಸೊನ್ನೆಯ ಹತ್ತಿರ, ಅದರ ಮೈಮೇಲೆ ನೀರಿನ ತೆಳು ಪೊರೆ ಕೂತಾಗ.

ಆದ್ದರಿಂದ ಈಗಿನ ತಾಪಮಾನದಷ್ಟೇ ನಿನ್ನೆ ಸಂಜೆಯದೂ ನಿಮಗೆ ಗೊತ್ತಿರಬೇಕು. ನಿನ್ನೆ ಪ್ಲಸ್ ಎರಡಿದ್ದು ಮಳೆ ಬಂದು, ಬೆಳಗಿನ ಜಾವ ಮೈನಸ್ ಮೂರಕ್ಕೆ ಇಳಿದಿದ್ದರೆ ರಸ್ತೆಯೆಲ್ಲ ಗಾಜು. ಡಾಂಬರು ಬರೀ ಒದ್ದೆಯಾಗಿರುವಂತೆ ಕಪ್ಪಗೆ ಕಾಣುತ್ತದೆ, ಮೇಲೆ ಕಣ್ಣಿಗೆ ಬೀಳದ ಪೊರೆಯಿರುತ್ತದೆ. ಮುಸ್ತಾ ಯಾ, ಅಂದರೆ ಕಪ್ಪು ಮಂಜುಗಡ್ಡೆ, ಎಂದು ಇಲ್ಲಿನವರು ಕರೆಯುವುದು ಇದನ್ನೇ. ನೋಡುವ ಉಪಾಯ ಎರಡು. ಕಾರುಗಳ ಚಕ್ರದಿಂದ ನೀರಿನ ಹನಿ ಚಿಮ್ಮುತ್ತಿದ್ದರೆ ಅದು ನೀರು. ಒದ್ದೆ ರಸ್ತೆಯಲ್ಲೂ ಏನೂ ಚಿಮ್ಮದಿದ್ದರೆ ಅದು ಗಡ್ಡೆ. ಅಥವಾ ಮನೆ ಮುಂದೆ ಬೂಟಿನ ತುದಿಯಿಂದ ಉಜ್ಜಿ ನೋಡಿ. ಗಡ್ಡೆಯ ಮೇಲೆ ಹೊಸ ಹಿಮ ಒಂದೆರಡು ಸೆಂಟಿಮೀಟರು ಬಿದ್ದು ಮುಚ್ಚಿದ ದಿನ ಇನ್ನೂ ಕೆಟ್ಟದ್ದು. ನೋಡಲು ಸುಂದರ, ಅಡಿಯಲ್ಲಿ ಬೋನು.

ಫಿನ್ಲೆಂಡಿನ ಹವಾಮಾನ ಸಂಸ್ಥೆ ನಡೆದುಹೋಗುವವರಿಗೆಂದೇ ಜಾರಿಕೆಯ ಎಚ್ಚರಿಕೆ ಕೊಡುತ್ತದೆ. ಅತಿ ಜಾರಿಕೆ ಎಂದಿದ್ದರೆ ಬಸ್ಸು ಹಿಡಿಯಿರಿ. ನನ್ನ ಲೆಕ್ಕದಲ್ಲಿ ಒಂದು ಚಳಿಗಾಲಕ್ಕೆ ಎಂಟು ಹತ್ತು ದಿನ ಹೀಗೆ ಬಸ್ಸಿಗೆ ಹೋಗುತ್ತವೆ. ಅದರಲ್ಲಿ ಅವಮಾನವೇನೂ ಇಲ್ಲ. ಇಲ್ಲಿನ ಅಜ್ಜಿಯರಂತೂ ಅಂಥ ದಿನ ಪೊಟ್ಕುಕೆಲ್ಕಾ ಎನ್ನುವ ಒದ್ದು ಓಡಿಸುವ ಕುರ್ಚಿಜಾರುಬಂಡಿ ಹಿಡಿದು, ತರಕಾರಿ ಚೀಲವನ್ನು ಮುಂದೆ ಕೂರಿಸಿಕೊಂಡು ನಮ್ಮೆಲ್ಲರಿಗಿಂತ ಬೇಗ ಅಂಗಡಿ ತಲುಪಿರುತ್ತಾರೆ.

ಸವಾರಿ

ಸೀಟನ್ನು ಬೇಸಿಗೆಗಿಂತ ಎರಡು ಸೆಂಟಿಮೀಟರು ಇಳಿಸಿ. ಕೂತಲ್ಲೇ ಪಾದ ನೆಲ ಮುಟ್ಟಬೇಕು. ಪಾದವನ್ನು ಪೆಡಲಿಗೆ ಕಟ್ಟುವ ಯಾವ ಏರ್ಪಾಡೂ ಬೇಡ. ಹೆಗಲು ಸಡಿಲವಿರಲಿ, ಹ್ಯಾಂಡಲ್ಲನ್ನು ಕತ್ತು ಹಿಸುಕುವಂತೆ ಹಿಡಿಯಬೇಡಿ. ಸಣ್ಣಪುಟ್ಟ ಜಾರಿಕೆಯನ್ನು ಸೈಕಲ್ಲು ತಾನೇ ಸರಿಪಡಿಸಿಕೊಳ್ಳುತ್ತದೆ, ನಾವು ಬಿಟ್ಟರೆ. ಏರಿನಲ್ಲಿ ಸೀಟು ಬಿಟ್ಟು ಎದ್ದು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಗಿರಕಿ ಹೊಡೆಯುತ್ತದೆ. ಕೂತೇ, ಒಂದೇ ಹದದಲ್ಲಿ ತುಳಿಯಿರಿ.

ಇನ್ನು ಅಜ್ಜಿಯ ಮಾತು. ತಿರುಗುವುದು, ಬ್ರೇಕ್ ಹಾಕುವುದು, ತುಳಿಯುವುದು: ಗಡ್ಡೆಯ ಮೇಲೆ ಇವುಗಳಲ್ಲಿ ಒಂದು ಹೊತ್ತಿಗೆ ಒಂದು. ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ ವೇಗ ಇಳಿಸಿ ಮುಗಿಸಿ. ಆಮೇಲೆ ಬ್ರೇಕು ಬಿಟ್ಟು, ಪೆಡಲ್ ನಿಲ್ಲಿಸಿ, ವಾಲದೆ ಅಗಲವಾಗಿ ತಿರುಗಿ. ತಿರುವು ಮುಗಿದು ನೆಟ್ಟಗಾದ ಮೇಲೆ ಮತ್ತೆ ತುಳಿಯಿರಿ. ಬ್ರೇಕಿನಲ್ಲಿ ಹಿಂದಿನದು ಮೊದಲು. ಮುಂದಿನ ಬ್ರೇಕನ್ನು ಗಡ್ಡೆಯ ಮೇಲೆ ಮರೆತುಬಿಡಿ; ಒತ್ತಿದ ಹಿಮ ಅಥವಾ ಜಲ್ಲಿಯಿರುವ ಕಡೆ ಹಗುರವಾಗಿ ಬಳಸಬಹುದು. ನಾನು ಮೊದಲ ಸಲ ಬಿದ್ದದ್ದು ಕೆಳಸೇತುವೆಗೆ ಇಳಿಯುವ ತಿರುವಿನಲ್ಲಿ, ಗಾಬರಿಯಿಂದ ಎರಡೂ ಬ್ರೇಕನ್ನು ಒಟ್ಟಿಗೆ ಹಿಡಿದು. ಹಗಲು ಕರಗಿದ ನೀರು ಹರಿದು ನಿಲ್ಲುವುದೂ, ನೆರಳಿನಿಂದಾಗಿ ಮೊದಲು ಹೆಪ್ಪುಗಟ್ಟುವುದೂ ಅಂಥ ಕೆಳಸೇತುವೆಯ ತಳದಲ್ಲಿಯೇ. ಇಳಿಯುವ ಮೊದಲೇ, ಮೇಲೆಯೇ ವೇಗ ಕಡಿಮೆ ಮಾಡಿಕೊಳ್ಳಬೇಕಿತ್ತು.

ಅಕಸ್ಮಾತ್ ಗಡ್ಡೆಯ ಮೇಲೆ ಬಂದುಬಿಟ್ಟಿದ್ದೀರಿ ಎಂದು ನಡುವೆ ಗೊತ್ತಾದರೆ ಏನೂ ಮಾಡಬೇಡಿ. ಹ್ಯಾಂಡಲ್ ನೆಟ್ಟಗೆ, ಬ್ರೇಕಿಲ್ಲ, ತುಳಿತವಿಲ್ಲ, ಕಣ್ಣು ಹೋಗಬೇಕಾದ ಕಡೆಗೆ. ಗಡ್ಡೆ ದಾಟುವವರೆಗೆ ಉರುಳಲು ಬಿಡಿ. ಹೇಳುವುದು ಸುಲಭ, ಬೆರಳು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ. ಅದಕ್ಕೇ ಮೊದಲ ಹಿಮ ಬಿದ್ದ ಭಾನುವಾರ ಖಾಲಿ ವಾಹನ ನಿಲ್ದಾಣಕ್ಕೆ ಹೋಗಿ ಅರ್ಧ ಗಂಟೆ ಬೇಕೆಂದೇ ಜಾರಿಸಿ ನೋಡಿ. ಹಿಂದಿನ ಬ್ರೇಕು ಎಷ್ಟಕ್ಕೆ ಜಾರುತ್ತದೆ, ಮೊಳೆ ಎಷ್ಟರವರೆಗೆ ಹಿಡಿಯುತ್ತದೆ ಎಂಬುದು ಕೈಗೆ ಗೊತ್ತಾಗಬೇಕು, ತಲೆಗೆ ಗೊತ್ತಾದರೆ ಸಾಲದು.

ಸೇತುವೆಯ ಮೇಲೆ ಎಚ್ಚರ: ಅಡಿಯಿಂದಲೂ ಗಾಳಿ ಆಡುವುದರಿಂದ ಅದು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಬಿಳಿ ಬಣ್ಣದ ಪಟ್ಟಿ, ಕಬ್ಬಿಣದ ಮುಚ್ಚಳ, ಕಾರುಗಳು ನಿಂತು ಹೊರಟು ನುಣುಪಾಗಿಸಿದ ಸಿಗ್ನಲ್ಲಿನ ಜಾಗಗಳೂ ಅಷ್ಟೇ. ರೊಜ್ಜು ಹೆಪ್ಪುಗಟ್ಟಿ ಆದ ಚಕ್ರದ ಗುರುತುಗಳನ್ನು ಓರೆಯಾಗಿ ದಾಟಬೇಡಿ, ಆದಷ್ಟು ಅಡ್ಡಲಾಗಿ ದಾಟಿ. ಒಳಗೆ ಸಿಕ್ಕಿಕೊಂಡರೆ ಎಳೆದಾಡದೆ ಅದರ ಜೊತೆಗೇ ಹೋಗಿ, ಬಯಲಾದ ಕಡೆ ಹೊರಬನ್ನಿ.

ಮೊಳೆ ಟೈರು ಹಾಕಿಕೊಂಡವರು ಬೀಳುವ ವಿಚಿತ್ರ ಜಾಗ ಒಂದಿದೆ. ಸಿಗ್ನಲ್ಲಿನಲ್ಲಿ ಸೈಕಲ್ಲು ಬಂಡೆಯಂತೆ ನಿಲ್ಲುತ್ತದೆ, ನೀವು ನಿಶ್ಚಿಂತೆಯಿಂದ ಕಾಲು ಊರುತ್ತೀರಿ, ಕಾಲು ಸರ್ರನೆ ಹೋಗುತ್ತದೆ. ಮೊಳೆಯಿರುವುದು ಟೈರಿಗೆ, ಬೂಟಿಗಲ್ಲ. ನನ್ನ ಎರಡನೆಯ ಮತ್ತು ಮೂರನೆಯ ಬೀಳು ಇವೇ, ಜನರೆದುರಿಗೇ. ಸಾಧ್ಯವಾದರೆ ಕಂಬವನ್ನೋ ಕಟಾಂಜನವನ್ನೋ ಹಿಡಿದು ನಿಲ್ಲಿ. ಇಲ್ಲವಾದರೆ ಇಡೀ ಪಾದವನ್ನು ಚಪ್ಪಟೆಯಾಗಿ, ಸೈಕಲ್ಲಿಗೆ ಹತ್ತಿರದಲ್ಲಿ ಊರಿ.

ಕಾರುಗಳ ವಿಷಯ ಬೇಗ ಮುಗಿಸುತ್ತೇನೆ. ನಿಮಗೆ ದಾರಿ ಬಿಡಬೇಕಾದದ್ದು ಕಾನೂನು, ಆದರೆ ನಿಲ್ಲಬೇಕಾದದ್ದು ಟೈರು. ನೋಡಿದ ಚಾಲಕನೂ ಗಡ್ಡೆಯ ಮೇಲೆ ನಿಲ್ಲಲಾರ. ಅವನ ಕಾರು ನಿಜವಾಗಿ ನಿಂತ ಮೇಲೆ ದಾಟಿ. ಜನವರಿಯಿಂದಾಚೆಗೆ ರಸ್ತೆ ಮೂಲೆಗಳಲ್ಲಿ ಹಿಮದ ಗುಡ್ಡೆ ಆಳೆತ್ತರ ಬೆಳೆದಿರುತ್ತದೆ, ಅದರ ಹಿಂದಿನಿಂದ ಬರುವ ಮಗುವೂ ಕಾಣುವುದಿಲ್ಲ, ನೀವೂ ಕಾಣುವುದಿಲ್ಲ.

ಬಿದ್ದರೆ

ಸೈಕಲ್ಲನ್ನು ಬಿಟ್ಟುಬಿಡಿ, ಕೈಯೂರಬೇಡಿ. ಚಾಚಿದ ಅಂಗೈ ಮೇಲೆ ಇಡೀ ಮೈ ಭಾರ ಬಿದ್ದಾಗಲೇ ಮಣಿಕಟ್ಟು ಮುರಿಯುವುದು. ತೊಡೆ, ಮಗ್ಗುಲು, ಹೆಗಲು ಇವುಗಳ ಮೇಲೆ ಉರುಳುವುದು ಲೇಸು, ದಪ್ಪ ಬಟ್ಟೆ ಅಷ್ಟು ಕಾಯುತ್ತದೆ. ಎದ್ದ ಮೇಲೆ ಮೊದಲು ರಸ್ತೆಯಿಂದ ಆಚೆಗೆ ಬನ್ನಿ, ಆಮೇಲೆ ನಾಚಿಕೆ. ತಲೆ ತಗುಲಿದ್ದರೆ ಅಂದು ಮತ್ತೆ ಸವಾರಿ ಬೇಡ, ಹೆಲ್ಮೆಟ್ಟನ್ನೂ ಬದಲಾಯಿಸಿ. ತುರ್ತಿಗೆ 112.

ಹೊಸದಾಗಿ ಬಂದವರಿಗೆ ಗೊತ್ತಿರದ ಒಂದು ಮಾತು: ಫಿನ್ಲೆಂಡಿನಲ್ಲಿ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತಕ್ಕೂ ಉದ್ಯೋಗದಾತರ ಕಡ್ಡಾಯ ಅಪಘಾತ ವಿಮೆ ಅನ್ವಯಿಸುತ್ತದೆ, ಸೈಕಲ್ಲಿನಿಂದ ಬಿದ್ದದ್ದಕ್ಕೂ ಸಹ. ಸಣ್ಣ ನೋವೆಂದು ಸುಮ್ಮನಿರದೆ ಅಂದೇ ಕಚೇರಿಗೆ ತಿಳಿಸಿ. ಎರಡು ದಿನ ಬಿಟ್ಟು ಊದಿಕೊಂಡ ಮಣಿಕಟ್ಟಿಗೆ ಕಥೆ ಹೇಳುವುದು ಕಷ್ಟ.

ಮಾರ್ಚ್, ಏಪ್ರಿಲ್

ಚಳಿಗಾಲ ಮುಗಿಯಿತು ಎನ್ನಿಸುವ ತಿಂಗಳುಗಳೇ ಅತಿ ಕೆಟ್ಟವು. ಹಗಲು ಬಿಸಿಲಿಗೆ ಕರಗುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಏಳಕ್ಕೆ ಗಾಜು, ಸಂಜೆ ನಾಲ್ಕಕ್ಕೆ ಲೋಸ್ಕಾ, ಅಂದರೆ ಕಣಕಾಲು ಮಟ್ಟದ ರೊಜ್ಜು. ಸಂಜೆ ಬರುವಾಗ ಡಾಂಬರು ಒಣಗಿರುವುದನ್ನು ನೋಡಿ ಮೊಳೆ ಟೈರು ಬಿಚ್ಚುವ ಆಸೆಯಾಗುತ್ತದೆ. ಪಕ್ಕದ ಮನೆಯವರು ಬಿಚ್ಚಿದರೆಂದು ನೀವೂ ಬಿಚ್ಚಬೇಡಿ.

ಇನ್ನೊಂದು ಕಾರಣವೂ ಇದೆ. ಚಳಿಗಾಲದುದ್ದಕ್ಕೂ ಎರಚಿದ ಜಲ್ಲಿಯ ಚೂರುಗಳೆಲ್ಲ ಹಿಮ ಕರಗಿದೊಡನೆ ಡಾಂಬರಿನ ಮೇಲೆ ಹರವಿಕೊಂಡಿರುತ್ತವೆ. ಅವು ಚೂಪು, ಬೇಸಿಗೆಯ ತೆಳು ಟೈರಿಗೆ ಯಮ. ತಿರುವಿನಲ್ಲಿ ಅವುಗಳ ಮೇಲೆಯೇ ಚಕ್ರ ಜಾರುವುದೂ ಉಂಟು. ಗುಡಿಸುವ ವಾಹನ ನಿಮ್ಮ ಹಾದಿಯಲ್ಲಿ ಹೋದ ಮೇಲೆ, ಇಲ್ಲಿ ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲಿಗೆ, ಟೈರು ಬದಲಾಯಿಸಿ. ಬಿಚ್ಚುವ ಮುನ್ನ ಯಾವುದು ಮುಂದಿನದು, ಯಾವ ದಿಕ್ಕಿಗೆ ತಿರುಗುತ್ತಿತ್ತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕತ್ತಲೆಯ ತಣ್ಣನೆಯ ಮೂಲೆಯಲ್ಲಿ ತೂಗುಹಾಕಿ. ಮೊಳೆಗಳು ಸವೆದು ಕೂತ ದಿಕ್ಕಿನಲ್ಲೇ ಅಕ್ಟೋಬರಿನಲ್ಲಿ ಮತ್ತೆ ಹಾಕಬೇಕು.